ಹಳೇ ಕೋರ್ಟಿನ ಮೂರನೆಯ ಕೂಗು

"ಇಲ್ಲಿ ಯಾರನ್ನೂ ಹೆಸರು ಹಿಡಿದು ಕರೀಬೇಡಮ್ಮ," ಎಂದು ಇಸ್ತ್ರಿಯಜ್ಜಿ ಮೊದಲ ದಿನವೇ ಹೇಳಿದ್ದಳು. "ನಿನ್ನ ಮಗೂನಂತೂ ಕರೀಲೇಬೇಡ."

ಗುಂಡಿ ಹೊಲಿಯಲು ಹೊಸದಾಗಿ ಸೇರಿದವಳು ಹಲ್ಲಿನಿಂದ ದಾರ ಕಡಿದು ನಕ್ಕಳು. "ಮತ್ತೇನು, ಶಿಳ್ಳೆ ಹಾಕ್ಲಾ?"

ಹಳೇ ಕೋರ್ಟು ಈಗ ಹೊಲಿಗೆ ಕಾರ್ಖಾನೆ. ನ್ಯಾಯಾಧೀಶರ ಕಟ್ಟೆಯ ಮೇಲೆ ಬಟ್ಟೆ ಕತ್ತರಿಸುವ ಮೇಜು, ಕಟಕಟೆಯೊಳಗೆ ಚಿಂದಿಯ ರಾಶಿ, ಕಿಟಕಿಗಳಿಗೆಲ್ಲ ಮೂಟೆಗಳ ಅಡ್ಡ. ಕೆಲಸದವರು ಒಬ್ಬರನ್ನೊಬ್ಬರು ಅವರವರು ಮಾಡುವ ಕೆಲಸದಿಂದ ಕಾಲರ್, ಕಾಜಾ, ಇಸ್ತ್ರಿ ಎಂದೇ ಕರೆಯುತ್ತಿದ್ದರು. ಅಜ್ಜಿ ಹೇಳಿದ್ದು ಇಷ್ಟು: ಹಿಂದೆ ಇಲ್ಲಿನ ಜವಾನ ಲಂಚ ತಿಂದು, ಹೊರಗೆ ಕಾದಿದ್ದ ಹೆಂಗಸೊಬ್ಬಳ ಹೆಸರನ್ನು ಮೂರು ಸಲವೂ ಗಂಟಲೊಳಗೇ ಕೂಗಿದ. ಕೇಳಿಸದೆ ಅವಳು ಓಗೊಡಲಿಲ್ಲ. ಮಗು ಗಂಡನ ಪಾಲಾಯಿತು. ಅವಳು ತನ್ನ ತಲೆಗೂದಲನ್ನು ಮೊಳೆಗೆ ಸುತ್ತಿ, ಮಂತ್ರಿಸಿ, ಹೊಸ್ತಿಲಿಗೆ ಹೊಡೆದು ಹೋದಳು. ಅಂದಿನಿಂದ ಒಳಗೆ ಯಾರಾದರೂ ಕೂಗಿದ ಹೆಸರನ್ನು ಹೊಸ್ತಿಲು ಮತ್ತೆ ಕೂಗುತ್ತದೆ. ಓಗೊಟ್ಟವರು ಅದರ ಪಾಲು.

ಹೊಸಬಳಿಗೆ ಅನುಮಾನ. ತಾನು ಮಗಳನ್ನು ಜೊತೆಗೆ ತರದಿರಲೆಂದು ಇವರು ಹೂಡಿದ ಆಟವೇ ಇದು? ಬಿಟ್ಟುಬರಲು ಮನೆಯಲ್ಲಿ ಯಾರಿದ್ದಾರೆ? ಮಗಳು ಚಿಂದಿಯ ರಾಶಿ ಹತ್ತಿದಾಗ ಬೇಕೆಂದೇ ಗಟ್ಟಿಯಾಗಿ ಹೆಸರು ಹಿಡಿದು ಗದರಿದಳು. ಮಿಷನ್ನುಗಳೆಲ್ಲ ಒಮ್ಮೆ ನಿಂತು ಮತ್ತೆ ಓಡಿದವು. ಯಾರೂ ತಲೆ ಎತ್ತಲಿಲ್ಲ. ನಾಟಕ, ಎಂದುಕೊಂಡಳು.

ಮಧ್ಯಾಹ್ನ ಕರೆಂಟು ಹೋಯಿತು. ಬಿಸಿ ಇಸ್ತ್ರಿಯ ವಾಸನೆಯೊಳಗೆ ಇನ್ನೊಂದು ವಾಸನೆ ತೂರಿ ಬಂತು, ಕೂದಲು ಸುಟ್ಟದ್ದು. ಹೊಸ್ತಿಲ ಕಡೆಯಿಂದ ಮಗಳ ಹೆಸರು ಕೇಳಿಸಿತು. ಮೆಲ್ಲಗೆ. ಗಂಟಲೊಳಗಿಂದ.

ಯಾರದು ಈ ಕುಚೋದ್ಯ? ಆ ಕಾಲರಿನವನದೇ? ಮೂಟೆಗಳ ಸಂದಿನ ಬೆಳಕಿನಲ್ಲಿ ದಿಟ್ಟಿಸಿದಳು. ಎಲ್ಲರ ಕೈಯೂ ಅವರವರ ಬಾಯಿಯ ಮೇಲಿತ್ತು.

ಎರಡನೆಯ ಕೂಗು. ಕಟಕಟೆಯಲ್ಲಿ ಮಗಳು ಎದ್ದು ನಿಂತಳು. ತಾಯಿ ಓಡಿದಳು. ಮೂಟೆ ಎಡವಿದಳು. ಬಿದ್ದಳು. ಮೂರನೆಯ ಕೂಗು. ಮಗಳು ಬಾಯಿ ತೆರೆದಳು.

"ಬಂದೆ," ಎಂದು ಬಿದ್ದಲ್ಲಿಂದಲೇ ಚೀರಿದಳು ತಾಯಿ.

ದೀಪ ಹತ್ತಿತು. ಮಗು ಚಿಂದಿಯಲ್ಲಿ ಆಡುತ್ತಿತ್ತು. ಏನೂ ಆಗಲಿಲ್ಲವಲ್ಲ ಎಂದು ಅವಳು ಸೀರೆ ಕೊಡವಿಕೊಂಡಳು. ಇಸ್ತ್ರಿಯಜ್ಜಿ ಅವಳ ಮುಖ ನೋಡಲಿಲ್ಲ.

ಸಂಜೆ ಕೆಲಸದಿಂದ ಬಂದ ಗಂಡ ಮಗಳನ್ನು ಹೆಸರು ಹಿಡಿದು ಕರೆದ. ಯಾರದೋ ಹೆಸರೆಂಬಂತೆ ಮಗು ತಿರುಗಲೇ ಇಲ್ಲ. ಒಲೆಯ ಮುಂದಿದ್ದ ತಾಯಿ "ಬಂದೆ" ಎಂದಳು, ಮಗುವಿನ ದನಿಯಲ್ಲಿ. ಎದ್ದು, ಚಪ್ಪಲಿ ಮೆಟ್ಟದೆ, ಹಳೇ ಕೋರ್ಟಿನ ದಾರಿ ಹಿಡಿದಳು.

ಮಗು ಬಾಗಿಲಿಗೆ ಓಡಿ ಬಂದು "ಅಮ್ಮಾ" ಎಂದು ಕೂಗಿತು. ಮೂರು ಸಲ.

ಅವಳು ಓಗೊಡಲಿಲ್ಲ.