ಮುದ್ರೆ ಬೀಳದ ನೀಲಿ ಚೀಟಿ

ಬಹಳ ಹಿಂದೆ, ಮೊಸಳೆಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಒಂದು ದೊಡ್ಡ ಹೊಳೆಯ ದಡದ ಮೇಲೆ ಕಣಗಿಲೆಪುರ ಎಂಬ ರಾಜ್ಯವಿತ್ತು. ಕಡಲಾಚೆಯಿಂದ ಬಂದ ದೊರೆಗಳು ಅದನ್ನು ನೂರು ವರ್ಷ ಆಳಿದರು. ಹೊರಟುಹೋಗುವಾಗ ಟೋಪಿ, ಬೆತ್ತ, ಕುದುರೆ ಎಲ್ಲವನ್ನೂ ಹೊತ್ತುಕೊಂಡು ಹೋದರು. ತಮ್ಮ ರಾಣಿಯ ಮುಖವಿದ್ದ ಅಂಚೆಚೀಟಿಗಳನ್ನು ಮಾತ್ರ ಮರೆತುಹೋದರು. ಅವುಗಳಲ್ಲಿ ಬಹುಪಾಲು ಸೀಬಯ್ಯನ ಮನೆ ಸೇರಿದವು.

ಏಳನೆಯ ವಯಸ್ಸಿಗೆ ಚೀಟಿ ಕೂಡಿಡಲು ಶುರುಮಾಡಿದ ಸೀಬಯ್ಯನಿಗೆ ಈಗ ಅರವತ್ತೆರಡು. ನಡುವೆ ಮದುವೆಯಾಗಲು ಅವನಿಗೆ ಪುರುಸೊತ್ತು ಸಿಗಲಿಲ್ಲ. ಮನೆಗೆ ಯಾರಾದರೂ ಬಂದರೆ ಅವರ ಮುಖ ನೋಡುವ ಮೊದಲು ಕೈಯಲ್ಲಿ ಕಾಗದವಿದೆಯೇ ಎಂದು ನೋಡುತ್ತಿದ್ದ. ಅವನ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದೇ ಒಂದು ಚೀಟಿಯಿತ್ತು. ದೊರೆಗಳ ಕಾಲದ ಅರ್ಧಾಣೆ ಚೀಟಿ ಹಸಿರಾಗಿರಬೇಕು. ಇದು ನೀಲಿ. ಅಚ್ಚಿನ ಮನೆಯವರು ಬಣ್ಣ ತಪ್ಪಿಸಿ ಹೊಡೆದ ಇಂಥದ್ದು ಮೂರು ಲೋಕದಲ್ಲಿ ಇನ್ನೊಂದಿರಲಿಲ್ಲ. ಅದರ ಮೇಲೆ ಅಂಚೆಯವರ ಕಪ್ಪು ಮುದ್ರೆಯೂ ಬಿದ್ದಿರಲಿಲ್ಲ.

ಒಂದು ಬೆಳಗ್ಗೆ ಹೊಳೆಯ ಮೇಲೆ ಮಬ್ಬು ಕವಿಯಿತು. ಏಳು ದಿನವಾದರೂ ಕರಗಲಿಲ್ಲ. ಆಚೆ ದಡದಲ್ಲಿದ್ದವರನ್ನೆಲ್ಲ ಈಚೆಯವರು ಮರೆಯತೊಡಗಿದರು. ತವರಿಗೆ ಹೋಗಿದ್ದ ರಾಣಿಯನ್ನು ರಾಜನೇ ಮರೆತು, ಪಕ್ಕದ ಖಾಲಿ ಪೀಠ ತೋರಿಸಿ, "ಇದನ್ನು ಯಾರು ಇಟ್ಟರು?" ಎಂದು ಕೇಳಿದ. ಮಂತ್ರಿ ಕೂಡಲೇ ಡಂಗುರ ಹೊಡೆಸಿದ. "ಇದು ಮಾಂತ್ರಿಕ ಮಬ್ಬರಾಯನ ಕೆಲಸ. ತಲುಪದ ಕಾಗದಗಳೇ ಅವನ ಬಲ. ಆಚೆ ದಡಕ್ಕೆ ಸೇರಬೇಕಾಗಿದ್ದ ಹಳೆಯ ಕಾಗದ ಒಂದಾದರೂ ಸೇರಿದರೆ ಅವನ ಆಟ ಮುಗಿಯುತ್ತದೆ. ಅಂಥದ್ದು ಯಾರಲ್ಲಿದೆ?"

ಸೀಬಯ್ಯ ಡಂಗುರ ಕೇಳಿದ. ಅವನಲ್ಲಿ ಅಂಥ ಒಂದು ಕಾಗದವಿತ್ತು.

ನಲವತ್ತು ವರ್ಷದ ಹಿಂದೆ ಅವನ ಅಕ್ಕ ಅಪ್ಪನ ಮಾತಿಗೆ ನೊಂದು, ಗಂಡನೊಡನೆ ಹೊಳೆ ದಾಟಿ ಹೋಗಿದ್ದಳು. "ಅಮ್ಮ ಕರೆದರೆ ಬರ್ತೀನಿ, ಇಲ್ಲದಿದ್ದರೆ ಇಲ್ಲ" ಎಂದಿದ್ದಳು. ಆರು ತಿಂಗಳಿಗೆ ಅಮ್ಮ ಕಾಗದ ಬರೆದು, ಚೀಟಿ ಅಂಟಿಸಿ, ಅಂಚೆಗೆ ಹಾಕಲು ಮಗನ ಕೈಗೆ ಕೊಟ್ಟಳು. ಚೀಟಿ ನೀಲಿಯಾಗಿತ್ತು. ಸೀಬಯ್ಯ ಅದನ್ನು ಕುದಿಯುವ ಅನ್ನದ ಹಬೆಗೆ ಹಿಡಿದು ಮೆಲ್ಲಗೆ ಬಿಡಿಸಿಕೊಂಡ. ನಾಳೆ ಬೇರೆ ಚೀಟಿ ಅಂಟಿಸಿ ಹಾಕಿದರಾಯಿತು ಎಂದುಕೊಂಡ. ಸಂಜೆ ಅಮ್ಮ ಕೇಳಿದಳು, "ಹಾಕಿದೆಯೇನೋ?" "ಹಾಕಿದೆ ಅಮ್ಮ" ಎಂದುಬಿಟ್ಟ. ಆಮೇಲೆ ಹಾಕಲು ನಾಚಿಕೆಯಾಯಿತು. ಅಮ್ಮ ಉತ್ತರಕ್ಕೆ ಕಾದು ಕಾದು ತೀರಿಕೊಂಡಳು. ಕಾಗದ ಪುಸ್ತಕದ ರಟ್ಟಿನೊಳಗೇ ಉಳಿಯಿತು.

ಈಗ ಅಕ್ಕನ ಹೆಸರು ನೆನಪಿಸಿಕೊಳ್ಳಲು ಹೋದರೆ ಬರಲಿಲ್ಲ. ಸೀಬಯ್ಯ ಹೆದರಿದ. ಕಾಗದ, ಪುಸ್ತಕ, ಭೂತಗನ್ನಡಿ, ಒಂದು ಬುತ್ತಿ ಕಟ್ಟಿಕೊಂಡು ಹೊರಟ.

ಹೊಳೆಯಲ್ಲಿ ದೋಣಿಯಷ್ಟು ಉದ್ದದ ಮೊಸಳೆ ಮಲಗಿತ್ತು. ಎರಡು ಚೀಟಿಗಳನ್ನು ಅವನ ಮುಂದಿಟ್ಟಿತು. "ಒಂದು ನಿಜದ್ದು, ಒಂದು ಮಬ್ಬರಾಯ ಮಾಡಿದ್ದು. ನಿಜದ್ದನ್ನು ತೋರಿಸಿದರೆ ದಾಟಿಸುತ್ತೇನೆ. ತಪ್ಪಿದರೆ ನುಂಗುತ್ತೇನೆ."

ಸೀಬಯ್ಯ ಭೂತಗನ್ನಡಿ ಹಿಡಿದು ಅಂಚಿನ ಹಲ್ಲುಗಳನ್ನು ಎಣಿಸಿದ. "ದೊರೆಗಳ ಚೀಟಿಗೆ ಬದಿಗೆ ಹದಿನಾಲ್ಕು ಹಲ್ಲು. ಎಡಗಡೆಯದಕ್ಕೆ ಹದಿಮೂರೇ. ಬಲಗಡೆಯದು ನಿಜ."

"ಹಲ್ಲು ಎಣಿಸುವವರು ನನಗೆ ಹಿಂದೆಯೂ ಸಿಕ್ಕಿದ್ದರು, ಆದರೆ ಅವರು ಎಣಿಸಿದ್ದು ಬಾಯೊಳಗಿಂದ" ಎಂದು ಹೇಳಿ ಮೊಸಳೆ ಅವನನ್ನು ಬೆನ್ನ ಮೇಲೆ ದಾಟಿಸಿತು.

ಆಚೆ ದಡದಲ್ಲಿ ಕೊರಳಿಗೆ ಗೆಜ್ಜೆ ಕಟ್ಟಿದ ಹುಲಿ ನಿಂತಿತ್ತು. ಮಬ್ಬಿನಲ್ಲಿ ದಾರಿ ಕಾಣುತ್ತಿರಲಿಲ್ಲ. ಹುಲಿ ಒಂದು ಬಿಳಿ ಹಾಳೆ ಕೊಟ್ಟು, "ದಾರಿ ಇದರಲ್ಲಿದೆ. ಓದಬಲ್ಲೆಯಾದರೆ ನಿನ್ನ ಜೊತೆ ಬರುತ್ತೇನೆ. ಇಲ್ಲದಿದ್ದರೆ ನೀನೇ ನನ್ನ ಊಟ" ಎಂದಿತು.

ಹಾಳೆ ಖಾಲಿಯಿತ್ತು. ಸೀಬಯ್ಯ ಅದನ್ನು ಮಂಕಾದ ಸೂರ್ಯನಿಗೆ ಅಡ್ಡ ಹಿಡಿದ. ಚೀಟಿಯ ಕಾಗದದೊಳಗೆ ಅಡಗಿರುವ ಗುರುತು ನೋಡುವುದೇ ಹಾಗೆ. ಬೆಳಕಿನಲ್ಲಿ ಸಣ್ಣ ಕಾಲುದಾರಿಯೊಂದು ಮೂಡಿತು. ಹುಲಿ ಗೆಜ್ಜೆ ಕುಣಿಸುತ್ತ ಅವನ ಹಿಂದೆ ಬಂತು.

ದಾರಿ ಮುಗಿದಲ್ಲಿ ಮಬ್ಬರಾಯ ತಲುಪದ ಕಾಗದಗಳ ಗುಡ್ಡೆಯ ಮೇಲೆ ಕೂತಿದ್ದ. ಸಿಟ್ಟಾಗಲಿಲ್ಲ, ನಕ್ಕ.

"ಬನ್ನಿ ಸೀಬಯ್ಯನವರೇ. ಉಳಿದ ಕಾಗದಗಳನ್ನು ತಡೆದವನು ನಾನು. ನಿಮ್ಮ ಕೈಯಲ್ಲಿರುವುದನ್ನು ತಡೆದವರು ನೀವೇ. ಅದರಿಂದಲೇ ಶುರುವಾದ ನನ್ನ ಬಲ ಮಬ್ಬಾಗಿ ಕವಿಯಲು ನಲವತ್ತು ವರ್ಷ ಹಿಡಿಯಿತು. ಅದನ್ನು ನನಗೆ ಕೊಡಿ, ಈ ಪುಸ್ತಕ ತಗೊಳ್ಳಿ."

ಪುಸ್ತಕದಲ್ಲಿ ಬಣ್ಣ ತಪ್ಪಿದ, ತಲೆಕೆಳಗಾದ, ಯಾರೂ ಕಾಣದ ಚೀಟಿಗಳಿದ್ದವು. ಸೀಬಯ್ಯನ ಕೈ ತಾನಾಗಿ ಭೂತಗನ್ನಡಿಗೆ ಹೋಯಿತು. ಒಂದು ಹಾಳೆ ತಿರುವಿದ, ಅಕ್ಕನ ದನಿ ಮರೆತುಹೋಯಿತು. ಎರಡನೆಯದು ತಿರುವಿದ, ಅವಳ ಮುಖ ಮರೆತುಹೋಯಿತು. ಮೂರನೆಯದಕ್ಕೆ ಬೆರಳಿಟ್ಟಾಗ ತೊಡೆಯ ಮೇಲಿದ್ದ ಕಾಗದ ಜಾರಿ ಬಿತ್ತು. ಹೆಕ್ಕಲು ಬಗ್ಗಿದಾಗ ಅಮ್ಮನ ಓರೆ ಅಕ್ಷರಗಳು ಕಂಡವು. *ಚಿ. ಸೌ. ಕಾವೇರಮ್ಮನಿಗೆ.*

"ಕಾವೇರಕ್ಕ" ಎಂದ ಸೀಬಯ್ಯ, ಪುಸ್ತಕ ಮುಚ್ಚಿದ.

ತನ್ನ ಸಂಗ್ರಹದಿಂದ ಒಂದು ಹಸಿರು ಚೀಟಿ ತೆಗೆದು ಅಂಟಿಸಿದ. ಅದು ಉದುರಿತು. ಇನ್ನೊಂದು ಅಂಟಿಸಿದ, ಅದೂ ಉದುರಿತು.

"ಬರೆದವಳು ಅಂಟಿಸಿದ್ದು ಯಾವುದೋ ಅದೇ ಬೇಕು" ಎಂದಿತು ಹುಲಿ. "ಮೇಲೆ ಮುದ್ರೆಯೂ ಬೀಳಬೇಕು."

ಮುದ್ರೆ ಬಿದ್ದ ಮೇಲೆ ಅದು ಬಳಸಿದ ಚೀಟಿ. ನಲವತ್ತು ವರ್ಷ ಉಸಿರು ತಾಗದಂತೆ ಕಾಪಾಡಿದ್ದನ್ನು ಸೀಬಯ್ಯ ಒಮ್ಮೆ ನೋಡಿದ. ಬುತ್ತಿ ಬಿಚ್ಚಿ, ನಾಲ್ಕು ಅಗುಳು ಅನ್ನ ಹಿಚುಕಿ ಹಚ್ಚಿ, ನೀಲಿ ಚೀಟಿಯನ್ನು ಮೊದಲಿದ್ದ ಜಾಗಕ್ಕೇ ಅಂಟಿಸಿದ. ಅನ್ನದ ಹಬೆ ಬಿಡಿಸಿದ್ದನ್ನು ಅನ್ನವೇ ಹಿಡಿದುಕೊಂಡಿತು.

ಹುಲಿ ಮಬ್ಬರಾಯನ ಮಸಿಕುಡಿಕೆಯಲ್ಲಿ ಪಂಜ ಅದ್ದಿ, ಚೀಟಿಯ ಮೇಲೆ ಒತ್ತಿತು. ಅದರಲ್ಲಿದ್ದ ದೊರೆಗಳ ರಾಣಿಯ ಮುಖ ಕಪ್ಪಾಯಿತು. ಅದೇ ಕ್ಷಣ ಹುಲಿ ಇದ್ದ ಕಡೆ ಗೆಜ್ಜೆ ಕಟ್ಟಿದ ಈಟಿ ಹಿಡಿದ ಮುದುಕನೊಬ್ಬ ನಿಂತಿದ್ದ. ಅವನು ಮಬ್ಬರಾಯನ ಮಾಟಕ್ಕೆ ಸಿಕ್ಕಿ ಬಹಳ ಕಾಲದಿಂದ ಕಾಣೆಯಾಗಿದ್ದ ಅಂಚೆಯ ಓಟಗಾರ ದಾಸಣ್ಣ. ಕಾಗದ ಕಿತ್ತುಕೊಂಡು ಓಡಿದ. ಸೀಬಯ್ಯ ಏದುಸಿರು ಬಿಡುತ್ತ ಅವನ ಹಿಂದೆ ಹೋದ.

ಹೊಂಗೆ ಮರದ ಕೆಳಗಿನ ಮನೆಯಲ್ಲಿ ತಲೆನರೆತ ಕಾವೇರಮ್ಮ ಕಾಗದ ಒಡೆದಳು. *ಅಪ್ಪನ ಸಿಟ್ಟು ಇಳಿದಿದೆ. ಬಾ ಮಗಳೇ. ಈ ಸಲ ಹಪ್ಪಳ ಒತ್ತಲು ನೀನಿಲ್ಲದೆ ಕೈ ಬರುತ್ತಿಲ್ಲ.*

ಅವಳು ಓದಿ ಮುಗಿಸುವ ಹೊತ್ತಿಗೆ ಮಬ್ಬರಾಯ ಬಿಸಿಲಿಗೆ ಕರಗಿಹೋಗಿದ್ದ. ಅವನ ಗುಡ್ಡೆಯ ಕಾಗದಗಳೆಲ್ಲ ತಮ್ಮ ತಮ್ಮ ಊರಿಗೆ ಹಾರಿದವು. ರಾಜನಿಗೆ ರಾಣಿಯ ನೆನಪು ಬಂತು, ಬರಿಗಾಲಲ್ಲೇ ದೋಣಿ ಹತ್ತಿದ.

ಸೀಬಯ್ಯ ನಡೆದದ್ದನ್ನೆಲ್ಲ ಅಕ್ಕನಿಗೆ ಹೇಳಿದ, ಒಂದನ್ನೂ ಮುಚ್ಚಿಡಲಿಲ್ಲ.

"ಅಮ್ಮ ಕರೀಲೇ ಇಲ್ಲ ಅಂತ ನಲವತ್ತು ವರ್ಷ ಅತ್ತೆನಲ್ಲೋ ತಮ್ಮಾ" ಎಂದಳು ಕಾವೇರಮ್ಮ. ಅಮ್ಮನ ಕಾಗದವನ್ನು ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ಆಮೇಲೆ, "ಇವತ್ತು ಊಟ ಮಾಡ್ಕೊಂಡು ಹೋಗು. ನಿನ್ನನ್ನ ಕ್ಷಮಿಸಿದೆನೋ ಇಲ್ಲವೋ ಅಂತ ಈಗ ಕೇಳಬೇಡ. ಕಾಗದ ಬರೀತೀನಿ" ಎಂದಳು.

ಸೀಬಯ್ಯ ಮನೆಗೆ ಬಂದು ಕಾದ. ಅಮ್ಮ ಕಾದದ್ದು ಹೇಗಿತ್ತೆಂದು ಅವನಿಗೆ ಆಗ ತಿಳಿಯಿತು.

ಇಪ್ಪತ್ತೆರಡನೆಯ ದಿನ ಮಧ್ಯಾಹ್ನ ಗೆಜ್ಜೆ ಸದ್ದಾಯಿತು. ಸೀಬಯ್ಯ ಮೊದಲು ದಾಸಣ್ಣನ ಮುಖ ನೋಡಿ, "ಕೂತ್ಕೋ ದಾಸಣ್ಣ, ಬಿಸಿಲಲ್ಲಿ ಓಡಿ ಬಂದಿದ್ದೀಯ" ಎಂದು ನೀರು ಕೊಟ್ಟ. ಆಮೇಲೆ ಕಾಗದ ಒಡೆದ. ಎರಡೇ ಸಾಲಿತ್ತು. *ತಮ್ಮಾ, ಹಬ್ಬಕ್ಕೆ ಬರುತ್ತೇನೆ. ಹಪ್ಪಳದ ಹಿಟ್ಟು ಕಲಸಿಡು.*

ಅದನ್ನು ಮೂರು ಸಲ ಓದಿದ. ಅಲ್ಲಿಂದ ಮುಂದೆ ಕಣಗಿಲೆಪುರದವರು ಊರು ಬಿಟ್ಟುಹೋದವರನ್ನು ಕರೆದು, ಕರೆದವರ ಮನೆಗೆ ಹೋಗಿ ಸುಖವಾಗಿದ್ದರು. ಅಕ್ಕ ಯಾವ ಚೀಟಿ ಅಂಟಿಸಿದ್ದಳು ಎಂದು ಸೀಬಯ್ಯ ನೋಡಿದ್ದು ಹಬ್ಬ ಮುಗಿದ ಮೇಲೆ.