ಹೇಳದೆ ಹೊರಟವನು

"ಇಳೀರಿ ಕೆಳಗೆ!"

ಹೊರಡಲು ಸಿದ್ಧವಾಗಿದ್ದ ಬಸ್ಸನ್ನು ಹತ್ತಿದವಳೇ ಅವಳು ಡ್ರೈವರನ ಪಕ್ಕ ನಿಂತು ಗುಡುಗಿದಳು. ಕೊರಳಲ್ಲಿ ಹೊಲಿಗೆಯ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

"ಎಲ್ಲಿಗಮ್ಮಾ ಟಿಕೆಟ್ಟು?" ಕಂಡಕ್ಟರ್ ಕೇಳಿದ.

"ಈ ಮಹಾನುಭಾವ ಎಲ್ಲಿಗೆ ಓಡಿಹೋಗ್ತಾರೋ ಅಲ್ಲಿಗೆ!"

ಯಾರೋ ಕಿಸಕ್ಕನೆ ನಕ್ಕರು. ಡ್ರೈವರ್ ತಲೆ ತಗ್ಗಿಸಿ ಎಂಜಿನ್ ಆರಿಸಿದ.

ಒಂಬತ್ತು ವರ್ಷ! ಗಂಡ ತೀರಿಕೊಂಡ ಮೇಲೆ ಮಗಳು, ಹೊಲಿಗೆ ಮೆಷಿನ್ನು ಅಂತಲೇ ಬದುಕಿದ್ದವಳ ಮನೆಗೆ ಈ ಡ್ರೈವರ್ ಬಂದು ಒಂಬತ್ತು ವರ್ಷ. ಮದುವೆಯಾಗಿರಲಿಲ್ಲ. "ಕಟ್ಟಿಕೊಂಡವನಲ್ಲ, ಇಟ್ಟುಕೊಂಡವನು" ಎಂದು ಬೀದಿ ಆಡಿಕೊಂಡಿತ್ತು. ಆಮೇಲೆ ಅದೇ ಬೀದಿ ಬಟ್ಟೆ ಹೊಲಿಸಲು ಬಂದು, "ನಿಮ್ಮ ಯಜಮಾನ್ರು ಇಲ್ವಾ?" ಎನ್ನತೊಡಗಿತ್ತು.

ನಿನ್ನೆ ಅಂಗಡಿಯಿಂದ ಬಂದು ನೋಡಿದರೆ ಅವನ ಅಂಗಿಗಳಿಲ್ಲ, ಶೇವಿಂಗ್ ಸೆಟ್ಟಿಲ್ಲ! ಫೋನ್ ಸ್ವಿಚ್ ಆಫ್.

'ನಾನು ಸಾಕಾದ್ನಾ? ಕೊನೆಗೂ ಜನರೇ ಗೆದ್ರಾ?'

"ಕೆಳಗೆ ಹೋಗಿ ಮಾತಾಡೋಣ," ಎಂದ ಅವನು.

"ಇಲ್ಲೇ ಹೇಳಿ! ಇಷ್ಟು ವರ್ಷ ಇಲ್ಲದ ಮುಚ್ಚುಮರೆ ಈಗ್ಯಾಕೆ?"

ಅವನ ದನಿ ಕುಗ್ಗಿತು. "ಮಗಳು ಕೇಳಿಕೊಂಡ್ಳು... ಇವತ್ತು ಸಂಜೆ ಹುಡುಗನ ಮನೆಯವರು ಬರ್ತಾರಲ್ಲ. ನಾನಿದ್ರೆ ಸಂಬಂಧ ಮುರಿದುಬೀಳುತ್ತೆ ಅಂತ ಅತ್ತಳು. ನಿನಗೆ ಹೇಳಿದ್ರೆ ಬಿಡ್ತಿರಲಿಲ್ಲ."

ಅವಳು ಅಲ್ಲೇ ಮಗಳಿಗೆ ಫೋನ್ ಮಾಡಿದಳು.

"ಇವರನ್ನ ಮನೆಯಿಂದ ಹೊರಗೆ ಹಾಕೋಕೆ ನೀನ್ಯಾರೇ?"

"ಅಮ್ಮಾ... ಅವರ ಮನೆಯವರು ಏನಂದ್ಕೋತಾರೆ?"

"ಅಂದ್ಕೊಳ್ಳಲಿ! ನೀನು ಕಾಲು ಮುರ್ಕೊಂಡಾಗ ದಿನಾ ಮೂರು ಮಹಡಿ ಹೊತ್ಕೊಂಡು ಇಳಿಸಿ ಕಾಲೇಜಿಗೆ ಬಿಟ್ಟಿದ್ದು ಯಾರೇ? ಆಗ ಅವರು ಬಂದಿದ್ರಾ?"

ಆ ಕಡೆಯಿಂದ ಒಂದು ಬಿಕ್ಕಳಿಕೆ.

"ತಪ್ಪಾಯ್ತಮ್ಮಾ. ಹುಡುಗನ ಮನೆಯವರಿಗೆ ನಾನೇ ಹೇಳ್ತೀನಿ. ಅಂಕಲ್ ಬರ್ಲಿ... ಆದ್ರೆ ಆ ಕಾಲರ್ ಹರಿದ ಶರ್ಟು ಹಾಕ್ಕೋಬೇಡಿ ಅನ್ನು!"

ಫೋನ್ ಇಟ್ಟವಳು ಮತ್ತೆ ಅವನತ್ತ ತಿರುಗಿದಳು. "ನನ್ನ ಒಂದು ಮಾತು ಕೇಳದೆ ತ್ಯಾಗಮೂರ್ತಿ ಆಗಿಬಿಟ್ರಾ? ನನ್ನ ಸಿಟ್ಟಿನ್ನೂ ಇಳಿದಿಲ್ಲ!"

"ಮದುವೆಯಾಗಿಬಿಡೋಣ್ವಾ? ಎಲ್ಲರ ಬಾಯಿಗೂ ಬೀಗ ಬೀಳುತ್ತೆ."

"ಯಾರದೋ ಬಾಯಿ ಮುಚ್ಚಿಸೋಕೆ ನಾನು ಮದುವೆ ಆಗಲ್ಲ. ನನಗೆ ಆಸೆಯಾದ ದಿನ ನಾನೇ ಕೇಳ್ತೀನಿ!"

"ಜಗಳ ಮುಗಿದಿದ್ರೆ ಗಾಡಿ ತೆಗಿಯಪ್ಪಾ!" ಹಿಂದಿನ ಸೀಟಿನಿಂದ ಅಜ್ಜಿಯೊಬ್ಬಳು ಕೂಗಿದಳು.

ಅವನು ಮೆಲ್ಲಗೆ ಕೇಳಿದ, "ನೀನು ಕೇಳೋವರೆಗೆ?"

"ಟ್ರಿಪ್ ಮುಗಿಸಿ, ಸಂಜೆಯೊಳಗೆ ಬ್ಯಾಗ್ ಸಮೇತ ಮನೆಗೆ ಬನ್ನಿ." ಅವಳ ಕಣ್ಣು ತುಂಬಿತು. "ನಿನ್ನೆ ನೀವಿಲ್ಲದೆ... ನಿದ್ದೇನೇ ಬರ್ಲಿಲ್ಲ ಕಣ್ರೀ."

"ನನಗೂ ಕಣೇ..."