ವಾಕಿಟಾಕಿಯಲ್ಲಿ ಜಾರಿದ ಮಾತು

ಅಳಿವೆಯಲ್ಲಿ ಉಬ್ಬರ ಏರುತ್ತಿತ್ತು. ಭಾರವಾದ ಉಪ್ಪುನೀರು ನದಿಯ ಸಿಹಿನೀರಿನ ಅಡಿಯಲ್ಲಿ ನುಸುಳಿ ಒಳಕ್ಕೆ ಬರುವ ಹೊತ್ತು. ದೋಣಿಯಿಂದ ಉಪ್ಪಿನಂಶ ಅಳೆಯುವ ಮೀಟರನ್ನು ನೀರಿಗಿಳಿಸುತ್ತಿದ್ದವಳು ವಾಕಿಟಾಕಿಯಲ್ಲಿ ಹೇಳಿದಳು: "ಮೇಲೆ ಸಿಹಿ, ಸಮುದ್ರದ ಕಡೆಗೇ ಹರೀತಿದೆ. ತಳದಲ್ಲಿ ಪೂರ್ತಿ ಉಪ್ಪು."

"ಸ... ಸರಿ. ನ... ನಡುವೆ?" ದಡದ ಲ್ಯಾಬಿನಲ್ಲಿ ಅಳತೆ ಬರೆದುಕೊಳ್ಳುತ್ತಿದ್ದ ಹುಡುಗನ ಧ್ವನಿ.

"ನಡುವೆ ಎರಡೂ ಬೆರೀತಿವೆ." ಹೇಳುವಾಗ ಯಾಕೋ ಅವಳ ಕಿವಿ ಬಿಸಿಯಾಗಿ ಕೆಂಪೇರಿತು.

ದೋಣಿ ನಡೆಸುತ್ತಿದ್ದ ಚಿಕ್ಕಮ್ಮ ಅದನ್ನು ನೋಡಿಯೇಬಿಟ್ಟಳು. "ಏನೇ, ನೀರು ಬೆರೆತರೆ ನೀನ್ಯಾಕೆ ಕೆಂಪಾಗ್ತೀಯ? ಆ ಹುಡುಗ ಇಷ್ಟ ಅಂತ ಒಪ್ಕೊಂಡುಬಿಡು."

"ಅಯ್ಯೋ, ಆ ತೊದಲನಾ? ಅವನು 'ಮದುವೆ' ಅಂತ ಹೇಳಿ ಮುಗಿಸೋ ಹೊತ್ತಿಗೆ ನಾನು ಅಜ್ಜಿ ಆಗಿರ್ತೀನಿ!"

ನಕ್ಕಳು. ಆಮೇಲೆ ಕೈ ನೋಡಿಕೊಂಡಳು. ಹೆಬ್ಬೆರಳು ಇನ್ನೂ ವಾಕಿಟಾಕಿಯ ಗುಂಡಿಯನ್ನು ಒತ್ತಿಯೇ ಇತ್ತು.

ಬೆರಳು ತೆಗೆದಳು. ಆ ಕಡೆ ಬರೀ ಗೊರಗೊರ. ನಂತರ ಅವನ ಬದಲು ಲ್ಯಾಬಿನ ಮೇಡಂ: "ಮುಂದಿನ ಅಳತೆ ಹೇಳಮ್ಮ." ಅಂದರೆ ಇಡೀ ಕೋಣೆ ಕೇಳಿಸಿಕೊಂಡಿತ್ತು.

ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಲು ಕಾಲ ಕೆಳಗೆ ನೆಲವೂ ಇರಲಿಲ್ಲ. ಅವನ ಆ ತಡವರಿಕೆಯೇ ಅವಳಿಗೆ ಇಷ್ಟ. ಒಂದೊಂದು ಮಾತನ್ನೂ ಕಷ್ಟಪಟ್ಟು ತಂದು ತನ್ನ ಕೈಗಿಡುತ್ತಾನೆ ಎನ್ನಿಸುತ್ತಿತ್ತು. ಅದನ್ನೇ ಆಡಿಕೊಂಡಳಲ್ಲ! ಚಿಕ್ಕಮ್ಮ ದೋಣಿಯನ್ನು ದಡಕ್ಕೆ ತಿರುಗಿಸಿದಳು.

ಲ್ಯಾಬಿನ ಹಿಂದಿನ ನಲ್ಲಿಯಲ್ಲಿ ಅವನೊಬ್ಬನೇ ಬಾಟಲಿ ತೊಳೆಯುತ್ತಿದ್ದ. ತಲೆ ಎತ್ತಲಿಲ್ಲ.

"ತಪ್ಪಾಯ್ತು," ಎಂದಳು. "ತಮಾಷೆಗೆ ಅಂದೆ ಅನ್ನಲ್ಲ. ಚಿಕ್ಕಮ್ಮ ನನ್ನ ಮನಸ್ಸಲ್ಲಿರೋದನ್ನ ಹಿಡಿದುಬಿಟ್ಟಳು. ನಾನು ತಪ್ಪಿಸ್ಕೊಳ್ಳೋಕೆ ನಿಮ್ಮನ್ನ ಮುಂದೆ ತಳ್ಳಿದೆ."

"ಸ್ಕೂಲಲ್ಲೂ ಹ... ಹಾಗೇ ನಗ್ತಿದ್ರು," ಎಂದ ಅವನು. "ಆಗ ಇ... ಇಷ್ಟು ನೋವಾಗಿರಲಿಲ್ಲ."

ಅವಳ ಕಣ್ಣು ತುಂಬಿತು. ಅಳುವುದಕ್ಕೂ ನಾಚಿಕೆಯಾಗಿ ಮುಖ ಆಚೆ ತಿರುಗಿಸಿದಳು. "ಹೋಗ್ಲಾ?"

ಅವನು ನಲ್ಲಿ ನಿಲ್ಲಿಸಿದ. "ಚಿಕ್ಕಮ್ಮ ಹಿಡಿದಿದ್ದು ನಿ... ನಿಜಾನಾ?"

"ಹೂಂ."

"ಮೇ... ಮೇಲ್ಮೇಲೆ ಅಷ್ಟೇನಾ?"

ಚಟ್ಟನೆ ನೋಡಿದಳು. ಅವನ ಕಣ್ಣಂಚಿನಲ್ಲಿ ನೋವಿನ ಜೊತೆಗೇ ಸಣ್ಣದೊಂದು ತುಂಟತನ.

"ಇಲ್ಲ. ತಳದವರೆಗೂ."

"ಹಾಗಾದ್ರೆ ನಾ... ನಾ..." ಮಾತು ಸಿಕ್ಕಿಕೊಂಡಿತು. ಅವನ ಕತ್ತಿನ ನರ ಬಿಗಿಯಿತು. ಆ ಪದ ಅವಳ ನಾಲಿಗೆಯ ತುದಿಯಲ್ಲೇ ಇತ್ತು, ಹೇಳಲಿಲ್ಲ. ಕಣ್ಣು ತಗ್ಗಿಸದೆ ಕಾದಳು.

"ನಾಳೆ ನಾನೂ ದೋಣಿಗೆ ಬರ್ತೀನಿ."

"ಚಿಕ್ಕಮ್ಮ ಇರ್ತಾಳೆ."

"ಇರ್ಲಿ," ಎಂದ. "ಅವರು ನ... ನನ್ನ ಕಡೆಯವರು."